ಬಾಳ್ಗಚ್ಚಿನಿಂದ ಪಿಂಚಣಿಯವರೆಗೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ನಾಡಿನಲ್ಲೆಲ್ಲ ಹೆಸರಾದುದು. ಊರ ಬೀದಿಗೆ ಕಾಲಿಟ್ಟೊಡನೆ ಉಳಿ ಸುತ್ತಿಗೆಗಳ ಸದ್ದು ಕಿವಿಗೆ ಬೀಳುವುದು. ಅರ್ಧ ಕೆತ್ತಿದ ವಿಗ್ರಹಗಳು ಮನೆಗಳ ಮುಂದೆ ಒರಗಿ ನಿಂತಿರುವುವು. ಈ ಊರಿನ ಕೈಗಳು ಇಂದು ಕೆತ್ತುವುದು ಬಹುಮಟ್ಟಿಗೆ ದೇವತಾಮೂರ್ತಿಗಳನ್ನು. ಆದರೆ ನಮ್ಮ ಸೀಮೆಯ ಕಲ್ಲುಕುಟಿಗನು ದೇವರ ಸೇವೆಗೆ ಮಾತ್ರವೇ ಉಳಿ ಹಿಡಿದವನಲ್ಲ. ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗಾಡಿದವರಿಗೆ, ಕೆರೆಯ ಏರಿಯ ಮೇಲೋ, ಗುಡಿಯ ಹಿಂದೆಯೋ, ಹೊಲದ ಬದುವಿನಲ್ಲಿಯೋ, ಬಾಳು ಹಿಡಿದು ನಿಂತ ಆಳಿನ ಚಿತ್ರವುಳ್ಳ ಕಲ್ಲು ಕಣ್ಣಿಗೆ ಬೀಳದಿರಲಾರದು. ಅದೇ ವೀರಗಲ್ಲು.

ವೀರಗಲ್ಲಿನ ರೂಪವನ್ನು ವಾಚಕರೆಲ್ಲರೂ ಬಲ್ಲರು. ಕೆಳಗಿನ ಅಂಕಣದಲ್ಲಿ ಕಾಳಗ. ನಡುವೆ, ಮಡಿದವನನ್ನು ಎತ್ತಿಕೊಂಡು ಹೋಗುವ ದೇವಸ್ತ್ರೀಯರು. ಮೇಲೆ, ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಹಳ್ಳಿಯವರು ಅದಕ್ಕೆ ಎಣ್ಣೆ ಬಳಿದು ಕುಂಕುಮವಿಡುವರು. ಪಟ್ಟಣದವರು ಅದರ ಕೆತ್ತನೆಯನ್ನು ಹೊಗಳುವರು. ಇಬ್ಬರೂ ಅದನ್ನು ಸ್ಮಾರಕವೆಂದೇ ತಿಳಿದಿರುವರು. ಅದು ಸ್ಮಾರಕವೆಂಬುದು ನಿಜ. ಆದರೆ ಚಿತ್ರಗಳ ನಡುವಣ ಪಟ್ಟಿಯಲ್ಲಿ ಕೊರೆದಿರುವ ಅಕ್ಷರಗಳನ್ನು ಓದಿದರೆ, ಅನೇಕ ಕಲ್ಲುಗಳಲ್ಲಿ ಸ್ತುತಿಯ ಮಾತು ಕೊಂಚವೇ ಇದ್ದು, ಇಷ್ಟು ಗದ್ದೆ, ಇಷ್ಟು ಬೆದ್ದಲು, ಇಂಥವನ ಮಕ್ಕಳಿಗೆ ಎಂಬ ಲೆಕ್ಕವೂ ಇರುವುದು. ಹೀಗೆ ಅಂಥ ಕಲ್ಲು ಹೊಲದ ಪತ್ರವೂ ಆಗಿದ್ದಿತು. ನಾಡಿಗಾಗಿ ಮೈಯೊಡ್ಡಿದವನಿಗೆ ಪ್ರಭುತ್ವವು ತಾನು ಋಣಿಯೆಂದು ಬರೆದುಕೊಟ್ಟ ಸಾಲಪತ್ರವೆಂದರೂ ಸಲ್ಲುವುದು. ಆ ಋಣವನ್ನು ನಮ್ಮ ನಾಡು ಯಾವ ಯಾವ ಕಾಲದಲ್ಲಿ ಹೇಗೆ ತೀರಿಸಿತು, ಯಾರಿಗೆ ತೀರಿಸಿತು, ಯಾರನ್ನು ಮರೆಯಿತು ಎಂಬುದನ್ನು ಸಂಗ್ರಹವಾಗಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಹಲ್ಮಿಡಿಯ ಶಾಸನವನ್ನೇ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಶಾಸನವನ್ನು ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ. ಶ. ೪೫೦ರದೆಂದು ಎಣಿಸಲ್ಪಟ್ಟಿರುವ ಇದು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಮಕ್ಕಳ ಪಾಠಪುಸ್ತಕಗಳೂ ಹೇಳುವುವು. ಅದರಲ್ಲಿ ಬರೆದಿರುವುದು ಏನೆಂದು ಕೇಳುವವರು ಮಾತ್ರ ಕಡಮೆ. ಕದಂಬರ ಪರವಾಗಿ ಕಾದಿ ಗೆದ್ದ ವಿಜ ಅರಸನೆಂಬ ವೀರನಿಗೆ ಪಲ್ಮಿಡಿ, ಮೂೞುವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟ ಸಂಗತಿ ಅದರಲ್ಲಿರುವುದು. ಬಾಳ್ ಎಂದರೆ ಕತ್ತಿ. ಕಚ್ಚು ಅಥವಾ ಕೞ್ಚು ಎಂದರೆ ತೊಳೆಯುವುದು. ಕಾಳಗದಿಂದ ಬಂದವನ ಕತ್ತಿಯ ನೆತ್ತರನ್ನು ತೊಳೆದು ಕೊಡುವ ದತ್ತಿಯೇ ಬಾಳ್ಗಚ್ಚು. ಕನ್ನಡ ಭಾಷೆಯು ಕಲ್ಲಿನ ಮೇಲೆ ಆಡಿದ ಮೊದಮೊದಲ ಮಾತುಗಳಲ್ಲಿ ಒಬ್ಬ ಯೋಧನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮಾತೂ ಒಂದು. ಈ ದತ್ತಿಯನ್ನು ಅಳಿದವನಿಗೆ ಮಹಾಪಾತಕವೆಂಬ ಶಾಪವೂ ಅಲ್ಲಿಯೇ ಇದೆ. ಋಣವನ್ನು ಒಪ್ಪಿಕೊಂಡರೆ ಸಾಲದು, ಮುಂದಿನ ಅರಸರೂ ಅಧಿಕಾರಿಗಳೂ ಅದನ್ನು ಮುರಿಯದಂತೆ ಕಟ್ಟು ಹಾಕಬೇಕೆಂಬ ಅರಿವು ಆ ಕಾಲದವರಿಗೆ ಇದ್ದಿತು.

ಬದುಕಿದ್ದವನಿಗೂ ಈ ಮರ್ಯಾದೆ ಸಲ್ಲುತ್ತಿದ್ದಿತೆಂಬುದಕ್ಕೆ ಆತಕೂರಿನ ಶಾಸನವು ನಿದರ್ಶನ. ಕ್ರಿ. ಶ. ೯೪೯-೫೦ರ ಈ ಶಾಸನವು ತಕ್ಕೋಲದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ಕಾಳಗವನ್ನು ಹೇಳುವುದು. ಗಂಗ ಬೂತುಗನ ಆಳಾದ ಮಣಲೆರನು ಅಲ್ಲಿ ಮುಂದಾಗಿ ಹೋರಾಡಿದನು. ಮೆಚ್ಚಿದ ಚಕ್ರವರ್ತಿಯು ಬೇಡಿದುದನ್ನು ಕೊಡುವೆನೆನ್ನಲು ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನೆಂಬ ಕಥೆ ಪ್ರಸಿದ್ಧವಾಗಿದೆ. ಆ ನಾಯಿಯ ಕಥೆಯ ಸೊಗಸಿನಲ್ಲಿ ಇನ್ನೊಂದು ಸಂಗತಿ ಮರೆಯಾಗಿರುವುದು. ಬೂತುಗನೂ ತನ್ನ ಆಳಿಗೆ ಆತುಕೂರು ಹನ್ನೆರಡು ಮೊದಲಾದುದನ್ನು ಬಾಳ್ಗಚ್ಚಾಗಿ ಕೊಟ್ಟನು. ನಾಯಿಯು ಮೆಚ್ಚುಗೆಯ ಗುರುತು, ಭೂಮಿಯು ಜೀವನಾಧಾರ. ಇವೆರಡೂ ಬೇರೆ ಬೇರೆ ಎಂಬ ವಿವೇಕವು ಹತ್ತನೆಯ ಶತಮಾನದಲ್ಲಿಯೇ ಇದ್ದಿತು.

ಇನ್ನು ನಮ್ಮ ಸೀಮೆಯ ಕಡೆಗೆ ಬರೋಣ. ಗಂಗ ಅರಸರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಂಡರು. ಆ ಕುವಳಾಲವೇ ಇಂದಿನ ಕೋಲಾರ. ಮುಳುಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ದೇವಾಲಯಗಳಿವೆ. ಗಂಗರಿಗೂ ನೊಳಂಬರಿಗೂ ನಡುವಣ ಮೇರೆಯು ಈ ಕಡೆಯಲ್ಲಿಯೇ ಹಿಂದುಮುಂದಾಗುತ್ತಿದ್ದಿತು. ಅದರೊಡನೆ ಹಳ್ಳಿಯ ಆಳುಗಳ ನೆತ್ತರೂ ಹರಿಯುತ್ತಿದ್ದಿತು. ಬೆಂಗಳೂರಿನ ಹತ್ತಿರ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ. ಶ. ೮೯೦ರ ವೀರಗಲ್ಲು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು. ಗಂಗ ಎರೆಯಪ್ಪನ ಕಡೆಯಲ್ಲಿದ್ದ ನಾಗತ್ತರನು ನೊಳಂಬ ಬೀರಮಹೇಂದ್ರನ ಮೇಲೆ ನಡೆದ ದಂಡಿನಲ್ಲಿ ತುಂಬೆಪಾಡಿಯ ಕಾಳಗದಲ್ಲಿ ಆನೆಗಳ ನಡುವೆ ಇರಿದು ಸತ್ತನು. ಅದನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರನೆಂಬ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆ ಊರುಗಳ ಹೆಸರುಗಳನ್ನೂ ಕಲ್ಲಿನ ಮೇಲೆ ಬರೆಸಿದನು. ಮುಂದೆ ಮಾತು ಬದಲಾಗಬಾರದೆಂಬ ಎಚ್ಚರಿಕೆಯೇ ಇದಕ್ಕೆ ಕಾರಣವಾಗಿರಬೇಕು.

ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಅಥವಾ ನೆತ್ತರುಗೊಡಗಿ ಎಂದು ಹೆಸರು. ಚೋಳರು ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದಾಗ ಇಲ್ಲಿಯ ಶಾಸನಗಳು ತಮಿಳಿಗೆ ತಿರುಗಿದುವು. ತಮಿಳು ಶಾಸನಗಳಲ್ಲಿ ಇದೇ ದತ್ತಿಗೆ ಉದಿರಪ್ಪಟ್ಟಿ ಎಂಬ ಮಾತಿದೆ. ಅದರ ಅರ್ಥವೂ ರಕ್ತದ ಭೂಮಿ ಎಂದೇ. ಹೀಗೆ ಭಾಷೆಯು ಬೇರೆಯಾದರೂ ಧರ್ಮವು ಒಂದೇ ಆಗಿದ್ದಿತು. ಇನ್ನೊಂದು ವಿಷಯವು ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹಿಡಿಸತಕ್ಕುದು. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡಿದವನಿಗೂ ಬಿಡುತ್ತಿದ್ದ ಭೂಮಿಯನ್ನು ಕಟ್ಟುಗೊಡಗಿ ಎನ್ನುತ್ತಿದ್ದರು. ಕೆರೆಗಳಿಂದಲೇ ಬದುಕಿದ ಈ ನಾಡಿನಲ್ಲಿ ನೀರನ್ನು ಹಿಡಿದು ನಿಲ್ಲಿಸಿದವನಿಗೂ ನೆತ್ತರನ್ನು ಸುರಿಸಿದವನಿಗೂ ಒಂದೇ ಬಗೆಯ ಮರ್ಯಾದೆ, ಒಂದೇ ಹೆಸರಿನ ಭೂಮಿ. ೧೯೦೫ರಲ್ಲಿ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಅದರ ಪುಟಗಳನ್ನು ತಿರುವಿ ಹಾಕಿದವರಿಗೆ ದೊಡ್ಡ ದಂಡಯಾತ್ರೆಗಳಿಗಿಂತ ಊರ ದನಗಳನ್ನು ಬಿಡಿಸಲು ಹೋಗಿ ಮಡಿದವರ ಹೆಸರುಗಳೇ ಮನಸ್ಸಿನಲ್ಲಿ ನಿಲ್ಲುವುವು.

ಇಷ್ಟನ್ನು ಹೇಳಿ, ಪೂರ್ವಿಕರ ಕಾಲವೆಲ್ಲ ಸುವರ್ಣಯುಗವೆಂದು ಬಗೆಯುವುದು ತರವಲ್ಲ. ಕಲ್ಲುಗಳು ಯಾರನ್ನು ಹೇಳುವುವೋ ಅವರೊಡನೆ ಯಾರನ್ನು ಹೇಳದಿರುವುವೋ ಅವರನ್ನೂ ನೆನೆಯಬೇಕು. ಗೆದ್ದು ಬಂದವನಿಗೆ ಬಾಳ್ಗಚ್ಚುಂಟು. ಸತ್ತವನ ಮಕ್ಕಳಿಗೆ ನೆತ್ತರುಗೊಡಗೆಯುಂಟು. ಕಾಲು ಮುರಿದು, ಕಣ್ಣು ಕಳೆದುಕೊಂಡು, ಗೆಲ್ಲದೆಯೂ ಸಾಯದೆಯೂ ಮನೆಗೆ ಹಿಂದಿರುಗಿದವನ ಹೆಸರಿನ ಕಲ್ಲು ವಿರಳ. ಹೆಂಗಸರ ಪಾಡು ಇನ್ನೂ ಕಠಿನ. ವೀರಗಲ್ಲಿನ ಪಕ್ಕದಲ್ಲಿಯೇ ಅನೇಕ ಕಡೆ ಬಳೆ ತೊಟ್ಟ ಕೈಯನ್ನು ಮೇಲೆತ್ತಿದ ಮಾಸ್ತಿಕಲ್ಲು ನಿಂತಿರುವುದು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರೇ ಮಹಾಸತಿ ಎಂಬುದರಿಂದ ಬಂದುದೆಂದು ಹೇಳುವರು. ಗಂಡನೊಡನೆ ಬೆಂಕಿಯನ್ನು ಹೊಕ್ಕವಳಿಗೆ ಕಲ್ಲು ದೊರೆಯಿತು. ಹೊಗದೆ ಉಳಿದು ಮಕ್ಕಳನ್ನು ಸಾಕಿದವಳು ಎಷ್ಟು ದೊಡ್ಡವಳಾಗಿದ್ದರೂ ಅವಳಿಗೆ ಅಂಥ ಕಲ್ಲಿಲ್ಲ.

ಶಾಸ್ತ್ರವು ಈ ವಿಷಯವನ್ನು ಅರಿಯದೆ ಇರಲಿಲ್ಲ. ಕೌಟಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಕೆಲಸದಲ್ಲಿರುವಾಗಲೇ ಸತ್ತವರ ಹೆಂಡಿರು ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂದು ಆ ಗ್ರಂಥವು ವಿಧಿಸುವುದು. ಅವರ ಮನೆಯ ಬಾಲರು, ವೃದ್ಧರು, ರೋಗಿಗಳ ಮೇಲೆ ಅನುಗ್ರಹವಿರಬೇಕೆನ್ನುವುದು. ದಂಡಿನ ಹಿಂದೆ ಶಸ್ತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಹಿಡಿದ ವೈದ್ಯರೂ, ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರೂ ನಿಂತಿರಬೇಕೆಂದೂ ಹೇಳಿದೆ. ಶಾಸ್ತ್ರದಲ್ಲಿ ಇದ್ದುದು ಹಳ್ಳಿಯ ಬಾಗಿಲಿಗೆ ಬಂದು ಮುಟ್ಟುವುದಕ್ಕೆ ಬಹು ಶತಮಾನಗಳು ಹಿಡಿದುವು.

ಮುಟ್ಟದಿದ್ದರೆ ಏನಾಗುತ್ತಿದ್ದಿತೆಂಬುದಕ್ಕೆ ಕೋಲಾರದಲ್ಲಿಯೇ ಒಂದು ದೃಷ್ಟಾಂತವಿದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಶಿರಾದ ಸುಬೇದಾರರ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನೆಂಬ ಸರದಾರನು ಕಾಳಗದಲ್ಲಿ ಮಡಿದನು. ಬೂದಿಕೋಟೆಯಲ್ಲಿ ಹುಟ್ಟಿದ ಅವನ ಕಿರಿಯ ಮಗನಿಗೆ ಆಗ ಇನ್ನೂ ಎಳೆಯ ವಯಸ್ಸು. ಆ ವಿಧವೆಗೆ ಯಾರೂ ಕೊಡಗಿಯನ್ನು ಬಿಡಲಿಲ್ಲ. ಬದಲಾಗಿ, ಸತ್ತವನಿಂದ ತನಗೆ ಬಾಕಿ ಬರಬೇಕೆಂದು ನೆಪ ಮಾಡಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನನು ಆ ಮನೆಯನ್ನು ಸುಲಿದನೆಂದೂ, ಹಣವನ್ನು ಹೊರಡಿಸಲು ಚಿಕ್ಕ ಮಕ್ಕಳಿಬ್ಬರನ್ನೂ ಹಿಂಸಿಸಿದನೆಂದೂ ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಅವರು ತಿಳಿಸಿರುವರು. ಮಕ್ಕಳನ್ನು ನಗಾರಿಯೊಳಗೆ ಹಾಕಿ ಪೀಡಿಸಿದರೆಂಬ ಐತಿಹ್ಯವೂ ಉಂಟು. ಕಡೆಗೆ ಆ ತಾಯಿಯು ಮೈಸೂರಿನ ದಂಡಿನಲ್ಲಿದ್ದ ಬಂಧುವಿನ ಆಶ್ರಯಕ್ಕೆ ಹೋಗಬೇಕಾಯಿತು. ಆ ಕಿರಿಯ ಮಗನೇ ಮುಂದೆ ನವಾಬ್ ಹೈದರಾಲಿ ಖಾನನಾದನು. ಫತೇ ಮಹಮ್ಮದನ ಗೋರಿಯು ಕೋಲಾರದಲ್ಲಿ ಇಂದಿಗೂ ಇದೆ. ಸರದಾರನೊಬ್ಬನ ಮನೆಗೇ ಈ ಗತಿಯಾದರೆ ಹೆಸರಿಲ್ಲದ ಕಾಲಾಳಿನ ಮನೆಯ ಗತಿ ಏನಾಗಿದ್ದಿತೆಂಬುದನ್ನು ಊಹಿಸಬಹುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ದಂಡಿನ ಸಾವಿರಾರು ಮಂದಿಗೆ ಕೆಲಸ ತಪ್ಪಿತು. ಆಗ ದಿವಾನ ಪೂರ್ಣಯ್ಯನವರು ಕಂದಾಚಾರದ ಪಡೆಯನ್ನು ಊರ್ಜಿತಗೊಳಿಸಿದರು. ಇಂದಿನ ಮಾತಿನಲ್ಲಿ ಕಂದಾಚಾರವೆಂದರೆ ಅರ್ಥವಿಲ್ಲದ ಹಳೆಯ ನಡವಳಿಕೆ. ಆದರೆ ಆ ಕಾಲದಲ್ಲಿ ಅದು ಹಳ್ಳಿಗಳಲ್ಲಿ ನೆಲಸಿ ಸಾಗುವಳಿ ಮಾಡುತ್ತ, ಸಂಬಳದ ಒಂದು ಭಾಗವನ್ನು ಭೂಮಿಯ ರೂಪದಲ್ಲಿ ಪಡೆದು, ಕರೆದಾಗ ಆಯುಧ ಹಿಡಿದು ಬರುವ ಪಡೆಯ ಹೆಸರು. ಕೆಲಸವಿಲ್ಲದ ಸಿಪಾಯಿಗೆ ಹೊಲವನ್ನೂ ಹೊಣೆಯನ್ನೂ ಕೊಟ್ಟರೆ ಅವನೂ ಬದುಕುವನು, ನಾಡೂ ನೆಮ್ಮದಿಯಾಗಿರುವುದೆಂಬ ರಾಜನೀತಿ ಇದರಲ್ಲಿದ್ದಿತು. ಸೈನಿಕರ ಪುನರ್ವಸತಿ ಎಂದು ಇಂದಿನವರು ಕರೆಯುವುದಕ್ಕೆ ಇದನ್ನು ಮೈಸೂರಿನ ಒಂದು ಪೂರ್ವರೂಪವೆಂದು ಹೇಳಬಹುದು.

ಕುಂಪಣಿಯ ಕಾಲದಿಂದೀಚೆಗೆ ಋಣದ ರೂಪವೇ ಬದಲಾಯಿತು. ಭೂಮಿಯ ಸ್ಥಾನಕ್ಕೆ ಖಜಾನೆಯ ನಗದು ಬಂದಿತು. ಕಲ್ಲಿನ ಸ್ಥಾನಕ್ಕೆ ಕಾಗದ ಬಂದಿತು. ಊರಿನವರೆಲ್ಲರ ಸಾಕ್ಷಿಯ ಸ್ಥಾನಕ್ಕೆ ಕಚೇರಿಯ ದಾಖಲೆ ಬಂದಿತು. ಇದರಿಂದ ಒಂದು ದೊಡ್ಡ ಲಾಭವಾಯಿತು. ಅರಸನ ಮೆಚ್ಚುಗೆಗೆ ಕಾಯದೆ, ಗೆದ್ದರೂ ಸೋತರೂ, ಇಷ್ಟು ವರ್ಷ ದುಡಿದವನಿಗೆ ಇಷ್ಟು ಎಂಬ ನಿಯಮವು ಹುಟ್ಟಿತು. ಒಂದು ನಷ್ಟವೂ ಆಯಿತು. ಕಲ್ಲು ಹೊಲದಲ್ಲಿಯೇ ಇರುತ್ತಿದ್ದಿತು. ಅದನ್ನು ಯಾರೂ ಕಳೆಯುವಂತಿರಲಿಲ್ಲ. ಕಾಗದವನ್ನು ಕಾಪಾಡಿಕೊಳ್ಳುವ ಹೊಣೆಯು ಓದು ಬಾರದ ಸಿಪಾಯಿಯ ಹೆಂಡತಿಯ ತಲೆಯ ಮೇಲೆ ಬಿದ್ದಿತು.

ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ರಾವುತರು ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ಹೋದರು. ೧೯೧೮ನೆಯ ಸೆಪ್ಟೆಂಬರು ೨೩ರಂದು ಹೈಫಾ ಪಟ್ಟಣವನ್ನು ಹಿಡಿದಾಗ, ಜೋಧಪುರದ ರಾವುತರು ಊರಿನ ಮೇಲೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ ಏರಿ ಶತ್ರುವಿನ ಫಿರಂಗಿಗಳನ್ನು ಹಿಡಿದರು. ದೆಹಲಿಯಲ್ಲಿ ೧೯೨೨ರಲ್ಲಿ ನಿಂತ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಮಿಕ್ಕೆರಡು ಹೈದರಾಬಾದು ಮತ್ತು ಜೋಧಪುರದವು. ಬೆಂಗಳೂರಿನಲ್ಲಿಯೂ ಈ ದಳದ ಸ್ಮಾರಕವಿದೆ. ಮೈಸೂರು ಲಾನ್ಸರ್ಸ್ ದಳವು ೧೯೫೩ರಲ್ಲಿ ಭಾರತ ಸೈನ್ಯದ ೬೧ನೆಯ ಅಶ್ವದಳದಲ್ಲಿ ಸೇರಿಹೋಯಿತು.

ಆದರೆ ಆ ಯುದ್ಧವು ಪ್ರತಿಮೆಗಳಿಗಿಂತ ಹೆಚ್ಚಿನದೊಂದನ್ನು ಕಲಿಸಿತು. ಕೈಕಾಲು ಕಳೆದುಕೊಂಡು ಬದುಕಿ ಬಂದವರ ಸಂಖ್ಯೆಯು ಹಿಂದೆಂದೂ ಇಲ್ಲದಷ್ಟಾಯಿತು. ೧೯೧೭ರಲ್ಲಿ ಅಂಗವಿಕಲರಾದ ಭಾರತೀಯ ಸಿಪಾಯಿಗಳಿಗೆ ಕಸಬನ್ನು ಕಲಿಸಲು ಮುಂಬಯಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಶಾಲೆಯು ಹುಟ್ಟಿತು. ಅದು ಮುಂದೆ ಪುಣೆಯ ಬಳಿಯ ಖಡಕಿಗೆ ಸಾಗಿತು. ೧೯೧೯ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡು ಏರ್ಪಟ್ಟಿತು. ಇಂದಿನ ಕೇಂದ್ರೀಯ ಸೈನಿಕ ಮಂಡಲಿಯ ಮೂಲವು ಅದೇ. ವೀರಗಲ್ಲು ಮರೆತಿದ್ದ ಮನುಷ್ಯನನ್ನು, ಎಂದರೆ ಗಾಯಗೊಂಡು ಮನೆಗೆ ಬಂದವನನ್ನು, ಸರ್ಕಾರವು ಲೆಕ್ಕಕ್ಕೆ ತೆಗೆದುಕೊಳ್ಳುವ ಏರ್ಪಾಡುಗಳು ಹೀಗೆ ಬೆಳೆದುವು.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸುಮಾರು ೨೫ ಲಕ್ಷ ಮಂದಿ ದಂಡಿಗೆ ಸೇರಿದರು. ಮೈಸೂರು ಸಂಸ್ಥಾನದ ಮೊದಲನೆಯ ಕಾಲ್ದಳವು ಮಲಯಕ್ಕೆ ಹೋಗಿ, ೧೯೪೨ನೆಯ ಫೆಬ್ರವರಿ ೧೫ರಂದು ಸಿಂಗಪುರವು ಬಿದ್ದಾಗ ಸೆರೆಸಿಕ್ಕಿತು. ಪುಣೆಯಲ್ಲಿ ೧೯೪೪ರಲ್ಲಿ ಕೃತಕ ಅಂಗಗಳ ಕೇಂದ್ರವು ಪ್ರಾರಂಭವಾಯಿತು. ಯುದ್ಧವು ಮುಗಿದೊಡನೆ ಲಕ್ಷಾಂತರ ಸಿಪಾಯಿಗಳನ್ನು ಮನೆಗೆ ಕಳುಹಿಸಿದರು. ಸಾಮಾನ್ಯ ಸಿಪಾಯಿಗೆ ಪಿಂಚಣಿ ದೊರೆಯಬೇಕಾದರೆ ೧೫ ವರ್ಷಗಳ ಸೇವೆಯಾಗಿರಬೇಕೆಂಬುದು ನಿಯಮ. ಮೂರು, ನಾಲ್ಕು, ಆರು ವರ್ಷ ಕಾದಿದವರಿಗೆ ಪದಕವು ದೊರೆಯಿತು, ಪಿಂಚಣಿಯು ದೊರೆಯಲಿಲ್ಲ. ಪಿಂಚಣಿ ಇಲ್ಲದವರಿಗೆ ದಂಡಿನ ವೈದ್ಯಸೌಕರ್ಯವೂ ದೂರವಾಯಿತು.

ಸ್ವತಂತ್ರ ಭಾರತವು ಈ ಋಣವನ್ನು ಒಂದೊಂದಾಗಿ ಬರೆದುಕೊಳ್ಳುತ್ತ ಬಂದಿದೆ. ೧೯೪೯ರಿಂದ ಪ್ರತಿವರ್ಷ ಡಿಸೆಂಬರು ೭ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಿ, ಜನರಿಂದ ಹಣವನ್ನು ಕೂಡಿಸಿ, ಮಾಜಿ ಸೈನಿಕರ ಮತ್ತು ಯುದ್ಧವಿಧವೆಯರ ನೆರವಿಗೆ ಬಳಸುವರು. ಕುಟುಂಬ ಪಿಂಚಣಿಯು ೧೯೬೪ರ ಯೋಜನೆಯಿಂದ ವಿಸ್ತಾರವಾಯಿತು. ೧೯೭೧ರ ಯುದ್ಧದ ತರುವಾಯ ರಣದಲ್ಲಿ ಮಡಿ

ದವರ ಮನೆಯವರಿಗೆ ಹೆಚ್ಚಿನ ದರದ ಪಿಂಚಣಿಯು ಏರ್ಪಟ್ಟಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾರದ ಯೋಧರಿಗಾಗಿ ಖಡಕಿಯಲ್ಲಿ ೧೯೭೪ರಲ್ಲಿ ಪುನರ್ವಸತಿ ಕೇಂದ್ರವು ತೆರೆಯಿತು. ಒಂದೇ ದರ್ಜೆಯಲ್ಲಿ ಒಂದೇ ಅವಧಿಯ ಸೇವೆ ಮಾಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಸಮಾನ ಪಿಂಚಣಿ ಸಲ್ಲಬೇಕೆಂಬ ಬಹುಕಾಲದ ಬೇಡಿಕೆಯನ್ನು ೨೦೧೫ರಲ್ಲಿ ಒಪ್ಪಿ, ೨೦೧೪ನೆಯ ಜುಲೈ ೧ರಿಂದ ಅನ್ವಯಿಸಿದರು.

ಹಳೆಯ ಕೊಡಗಿಯ ಭಾವನೆಯು ನಮ್ಮ ರಾಜ್ಯದ ಭೂಮಿಯ ಕಾನೂನಿನಲ್ಲಿಯೂ ಉಳಿದುಬಂದಿರುವುದು ಗಮನಿಸತಕ್ಕ ಸಂಗತಿ. ೧೯೬೯ರ ಭೂ ಮಂಜೂರಾತಿ ನಿಯಮಗಳಲ್ಲಿ ಸರ್ಕಾರಿ ಭೂಮಿಯನ್ನು ಹಂಚುವಾಗ ಮಾಜಿ ಸೈನಿಕರಿಗೆಂದು ಒಂದು ಪಾಲನ್ನು ಮೀಸಲಿಟ್ಟರು. ೧೯೭೪ರಲ್ಲಿ ಭೂಸುಧಾರಣೆಯ ಕಾನೂನನ್ನು ಬಲಪಡಿಸಿ ಗೇಣಿಯ ಪದ್ಧತಿಯನ್ನೇ ನಿಲ್ಲಿಸಿದಾಗಲೂ, ಸೈನಿಕನು ಮತ್ತು ನಾವಿಕನು ತಮ್ಮ ಹೊಲವನ್ನು ಗೇಣಿಗೆ ಕೊಡುವುದಕ್ಕೂ ಮರಳಿ ಪಡೆಯುವುದಕ್ಕೂ ಅವಕಾಶವನ್ನು ಉಳಿಸಿದರು. ಗಡಿಯನ್ನು ಕಾಯಲು ಹೋದವನು ತನ್ನ ಹೊಲದ ಬದುವನ್ನು ಕಳೆದುಕೊಳ್ಳಬಾರದೆಂಬುದೇ ಅದರ ನ್ಯಾಯ.

ವೈದ್ಯದ ವಿಷಯವು ಎಲ್ಲಕ್ಕಿಂತ ತಡವಾಗಿ ಬಂದಿತು. ಸೇವೆಯಲ್ಲಿರುವವರೆಗೆ ಸಿಪಾಯಿಗೆ ದಂಡಿನ ಆಸ್ಪತ್ರೆಯುಂಟು. ಹಳ್ಳಿಗೆ ಹಿಂದಿರುಗಿದ ಮೇಲೆ, ವಯಸ್ಸಾಗಿ ರೋಗಗಳು ಮುತ್ತುವ ಕಾಲದಲ್ಲಿ, ಆ ಆಸ್ಪತ್ರೆಗಳು ದೂರದ ದಂಡುಪ್ರದೇಶಗಳಲ್ಲಿ ಉಳಿಯುವುವು. ಈ ಕೊರತೆಯನ್ನು ತುಂಬಲು ೨೦೦೩ನೆಯ ಏಪ್ರಿಲ್ ೧ರಿಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯು ಜಾರಿಗೆ ಬಂದಿತು. ಜನರು ಅದನ್ನು ಇ. ಸಿ. ಎಚ್. ಎಸ್. ಎಂದೇ ಕರೆಯುವರು. ನಿವೃತ್ತನು ಒಮ್ಮೆ ವಂತಿಗೆಯನ್ನು ಕಟ್ಟಿದರೆ ಅವನಿಗೂ ಅವನ ಆಶ್ರಿತರಿಗೂ ಪಾಲಿಕ್ಲಿನಿಕ್ಕುಗಳಲ್ಲಿ ಚಿಕಿತ್ಸೆ ದೊರೆಯುವುದು. ಅಲ್ಲಿ ಆಗದ ಚಿಕಿತ್ಸೆಗೆ ಒಪ್ಪಂದದ ಆಸ್ಪತ್ರೆಗಳಿಗೆ ಕಳುಹಿಸುವರು. ಯುದ್ಧವಿಧವೆಯರಿಗೂ, ೧೯೯೬ಕ್ಕೆ ಮೊದಲು ನಿವೃತ್ತರಾದವರಿಗೂ ವಂತಿಗೆಯ ವಿನಾಯಿತಿಯಿದೆ. ಎರಡನೆಯ ಮಹಾಯುದ್ಧದ ಪಿಂಚಣಿಯಿಲ್ಲದ ಸೈನಿಕರಿಗೆ ಈ ಬಾಗಿಲು ತೆರೆದುದು ೨೦೧೯ನೆಯ ಮಾರ್ಚಿಯಲ್ಲಿ. ೧೯೪೫ರಲ್ಲಿ ಹದಿನೆಂಟು ವರ್ಷದವನಾಗಿದ್ದವನಿಗೆ ಆಗ ತೊಂಬತ್ತು ಮೀರಿದ್ದಿತು. ಸರ್ಕಾರವು ಕೊಟ್ಟಿತೆಂಬುದು ನಿಜ. ಪಡೆಯಲು ಎಷ್ಟು ಮಂದಿ ಉಳಿದಿದ್ದರೆಂಬುದನ್ನು ವಾಚಕರೇ ಯೋಚಿಸಬಹುದು.

ಕಣ್ಣಿಗೆ ಕಾಣದ ಗಾಯದ ಪ್ರಶ್ನೆಯೂ ಒಂದುಂಟು. ಗುಂಡೇಟನ್ನು ಯಾರೂ ಅಲ್ಲಗಳೆಯಲಾರರು. ಮನೋವ್ಯಾಧಿ, ಮೂರ್ಛೆ, ಹೃದ್ರೋಗ ಮೊದಲಾದುವು ಸೇವೆಯಿಂದ ಬಂದುವೋ ಹುಟ್ಟಿನಿಂದ ಬಂದುವೋ ಎಂಬ ವಾದವು ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಹಾಕಿದವರನ್ನು ಬಹುಕಾಲ ಅಲೆಯಿಸಿತು. ದಂಡಿಗೆ ಸೇರುವಾಗ ಯಾವ ರೋಗವನ್ನೂ ದಾಖಲೆ ಮಾಡಿರದಿದ್ದರೆ, ಅನಂತರ ಕಾಣಿಸಿಕೊಂಡುದನ್ನು ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು. ಅಲ್ಲವೆನ್ನುವವರು ಅದನ್ನು ತೋರಿಸಿಕೊಡಬೇಕು ಎಂಬ ಅರ್ಥದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಒಬ್ಬ ಸಾಮಾನ್ಯ ಸಿಪಾಯಿಯ ಮೊಕದ್ದಮೆಯಲ್ಲಿ ಕೊಟ್ಟಿತು. ರುಜುವಾತಿನ ಭಾರವನ್ನು ರೋಗಿಯ ಹೆಗಲಿನಿಂದ ಇಳಿಸಿದ ಈ ತೀರ್ಪು, ಬಾಳ್ಗಚ್ಚಿನ ಕಾಲದವರು ಕಾಣದಿದ್ದ ಮನುಷ್ಯನನ್ನು ಕಂಡಿತು.

ಹೀಗಿದ್ದರೂ ಹಳೆಯ ಪ್ರಶ್ನೆಯು ಹೊಸ ವೇಷದಲ್ಲಿ ಮರಳಿ ಬಂದಿದೆ. ೨೦೨೨ನೆಯ ಜೂನ್‌ನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ತರುಣರು ನಾಲ್ಕು ವರ್ಷಗಳ ಸೇವೆಗೆ ಸೇರುವರು. ಅವರಲ್ಲಿ ನೂರಕ್ಕೆ ೨೫ರವರೆಗೆ ಮಂದಿಯನ್ನು ಮುಂದಕ್ಕೆ ಉಳಿಸಿಕೊಂಡು ಮಿಕ್ಕವರನ್ನು ಒಟ್ಟು ಮೊತ್ತದ ನಿಧಿಯೊಡನೆ ಮನೆಗೆ ಕಳುಹಿಸುವ ಏರ್ಪಾಡು ಅದು. ಹಾಗೆ ಹೊರಬರುವವರಿಗೆ ಪಿಂಚಣಿಯಿಲ್ಲ. ಸೈನ್ಯವು ತರುಣರಿಂದ ಕೂಡಿರಬೇಕು, ಪಿಂಚಣಿಯ ಭಾರವು ಖಜಾನೆಯನ್ನು ನುಂಗಬಾರದು ಎಂದು ಒಂದು ಪಕ್ಷದವರು ಹೇಳುವರು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ೧೯೪೫ರಲ್ಲಿ ಅಲ್ಪಾವಧಿಯ ಸೇವೆಯಿಂದ ಬರಿಗೈಯಲ್ಲಿ ಬಂದವರಿಗೆ ವೈದ್ಯದ ಬಾಗಿಲು ತೆರೆಯಲು ಎಪ್ಪತ್ತಕ್ಕೆ ಮೀರಿದ ವರ್ಷಗಳು ಹಿಡಿದುವೆಂಬುದನ್ನು ಚರಿತ್ರೆಯು ನೆನಪಿಗೆ ತರುವುದು. ಸೇವೆಯ ಅವಧಿಯು ಚಿಕ್ಕದಾದರೆ ಋಣವೂ ಚಿಕ್ಕದಾಗುವುದೇ ಎಂಬುದು ಇತ್ಯರ್ಥವಾಗಬೇಕಾದ ಪ್ರಶ್ನೆ. ವಿಜ ಅರಸನಾಗಲಿ ಮಣಲೆರನಾಗಲಿ ಎಷ್ಟು ವರ್ಷ ದುಡಿದನೆಂದು ಕಲ್ಲುಗಳು ಕೇಳಲಿಲ್ಲ.

ಕೊನೆಯದಾಗಿ ನಮ್ಮ ಸಂಘದ ಓದುಗರಿಗೆ ಒಂದು ವಿಜ್ಞಾಪನೆ. ಹಿಂದೆ ಊರಿನವರೇ ವೀರಗಲ್ಲಿನ ಸಾಕ್ಷಿಗಳಾಗಿದ್ದರು. ಇಂಥ ಹೊಲವು ಇಂಥವನ ಮಕ್ಕಳದೆಂಬುದನ್ನು ಕಲ್ಲೂ ಹೇಳುತ್ತಿದ್ದಿತು, ಊರೂ ಹೇಳುತ್ತಿದ್ದಿತು. ಇಂದು ಋಣಪತ್ರವು ಕಾಗದದಲ್ಲಿದೆ. ಆದರೆ ಸಾಕ್ಷಿಯಾಗಿ ನಿಲ್ಲುವವರು ಕಡಮೆ. ನಮ್ಮ ಹಳ್ಳಿಗಳಲ್ಲಿ ಸೇವೆಯ ಪುಸ್ತಕವನ್ನೂ ಬಿಡುಗಡೆಯ ಪತ್ರವನ್ನೂ ಟ್ರಂಕಿನ ತಳದಲ್ಲಿಟ್ಟು, ತಮಗೆ ಏನು ಸಲ್ಲುವುದೆಂದೇ ಅರಿಯದ ಮುದುಕರೂ ವಿಧವೆಯರೂ ಇರಬಹುದು. ಪಿಂಚಣಿಯಿಲ್ಲದೆ ೬೫ ವರ್ಷ ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಸೈನಿಕ ಮಂಡಲಿಯ ಮೂಲಕ ಮಾಸಿಕ ನೆರವಿನ ಏರ್ಪಾಡಿದೆಯೆಂಬುದನ್ನು ಅವರಿಗೆ ತಿಳಿಸುವವರು ಯಾರು? ವಿದ್ಯಾವಂತರ ಮನೆಯೊಂದು ಊರಿನಲ್ಲಿದ್ದರೆ, ಅಂಥವರ ಕಾಗದವನ್ನು ಓದಿ ಹೇಳಿ, ಅರ್ಜಿಯನ್ನು ಬರೆದುಕೊಟ್ಟು, ಸೈನಿಕ ಕಲ್ಯಾಣದ ಕಚೇರಿಯವರೆಗೆ ಜೊತೆಯಲ್ಲಿ ಹೋಗಿ ಬರುವುದು ದೊಡ್ಡ ಕೆಲಸವಲ್ಲ.

ಶಿವಾರಪಟ್ಟಣದ ಶಿಲ್ಪಿಗೆ ಕಲ್ಲಿನ ಕೊರತೆಯಿಲ್ಲ, ಕೈಯ ಕೊರತೆಯಿಲ್ಲ. ಮಡಿದವರಿಗೆ ಕಲ್ಲು ನಿಲ್ಲಿಸುವುದು ಇಂದಿಗೂ ಸುಲಭ, ಅದು ಉಚಿತವೂ ಹೌದು. ಆದರೆ ನಮ್ಮ ಹಿರಿಯರು ಆ ಕಲ್ಲಿನ ಮೇಲೆ ಚಿತ್ರದ ಜೊತೆಗೆ ಹೊಲದ ಅಳತೆಯನ್ನೂ ಕೆತ್ತಿಸಿದ್ದರೆಂಬುದನ್ನು ಮರೆಯದಿರೋಣ.